ಬಾನೆಟ್ಟಿನ ನಡುವಿನ ಪಟ್ಟಿ

ನಮ್ಮ ಕಾರಿನ ಬಣ್ಣ ಮಂಕಾಗುತ್ತಿದೆ ಎಂದು ಅಪ್ಪ ಮೊದಲು ಹೇಳಿದ್ದು ಯುಗಾದಿಯ ಆಸುಪಾಸಿನಲ್ಲಿ. ಕಾಫಿ ಲೋಟ ಹಿಡಿದುಕೊಂಡು, ತಗಡಿನ ಚಪ್ಪರದಡಿ ನಿಂತಿದ್ದ ಕಾರಿಗೆ ಒಂದು ಸುತ್ತು ಬಂದ. ಒಳಗೆ ಬಂದು ಕೂತವನು ಮತ್ತೆ ಎದ್ದು ಹೋಗಿ ಇನ್ನೊಂದು ಸುತ್ತು ಬಂದ. ಕೆಂಪು ಹೋಗಿ ಕಾಫಿ ಬಣ್ಣಕ್ಕೆ ತಿರುಗುತ್ತಾ ಇದೆ ಅಂದ. ನಾನು ಕನಕಪುರದ ಬಸ್ಸಿನ ಆತುರದಲ್ಲಿದ್ದೆ. ಹಳೆಯ ಕಾರು, ಇದ್ದರೂ ಇರಬಹುದು ಎಂದುಕೊಂಡು ಹೊರಟೆ.

ಆಗ ನಾನು ಕನಕಪುರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿ. ಬೆಳಿಗ್ಗೆ ಚನ್ನಪಟ್ಟಣ ಬಿಟ್ಟು ಸಂಜೆ ಬರುತ್ತಿದ್ದೆ. ಮನೆಯಲ್ಲಿ ಅಪ್ಪ, ಅಮ್ಮ, ನಾನು, ಇಷ್ಟೇ ಜನ. ಅಪ್ಪ ಹೊಂಗನೂರಿನ ರೇಷ್ಮೆ ಬೆಳೆಯುವ ಮನೆಯಲ್ಲಿ ಹುಟ್ಟಿ, ಹುಳುವಿನ ಕೆಲಸ ಒಗ್ಗದೆ, ಪಟ್ಟಣಕ್ಕೆ ಬಂದು ಅರಗಿನ ಕೆಲಸ ಕಲಿತವನು. ಮನೆಯ ಪಕ್ಕದಲ್ಲೇ ಅವನ ಲೇತು. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಆ ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಒಣಗಿದ ಕೇದಗೆ ಎಲೆಯನ್ನು ಬಲವಾಗಿ ಒತ್ತಬೇಕು. ಹೊಳಪು ಬರುವುದು ಆಗ. ಆಟದ ಕುದುರೆ, ಬುಗುರಿ, ಕುಂಕುಮದ ಭರಣಿ, ಏನೇ ಇರಲಿ, ಅಪ್ಪನ ಕೈಯಿಂದ ಬಂದ ಕೆಂಪಿಗೆ ಊರಲ್ಲಿ ಒಂದು ಹೆಸರಿತ್ತು. ಇನ್ನೊಬ್ಬರು ಓಡಿಸಿದ್ದ ಆ ಕಾರನ್ನು ಅವನು ಆರಿಸಿದ್ದು ಕೂಡ ಬಣ್ಣ ನೋಡಿ. ಎಂಜಿನ್ ಹೇಗಿದೆ ಎಂದು ಕೇಳಲಿಲ್ಲ. ತನ್ನ ಕುದುರೆಗಳ ಕೆಂಪು ಅದು ಎಂದ, ತಂದ.

ಆ ವರ್ಷ ಅವನಿಗೆ ಯಾವ ಬಣ್ಣವೂ ಸರಿ ಬರುತ್ತಿರಲಿಲ್ಲ. ಅರಗು ಮಾರುವವನು ಬಂದರೆ ಜಗಳ. ಮೊದಲಿನ ಹಳದಿ ಎಲ್ಲಿ, ಮೊದಲಿನ ಹಸಿರು ಎಲ್ಲಿ, ಏನು ಬೆರೆಸ್ತಾ ಇದ್ದೀರಿ ಎಂದು ಕೇಳುತ್ತಿದ್ದ. ನಡುಮನೆಯ ಬಲ್ಬನ್ನು ತಾನೇ ತೆಗೆದು ಬೇರೆ ಹಾಕಿದ, ಅದನ್ನೂ ತೆಗೆದು ಮತ್ತೊಂದು ಹಾಕಿದ. ಒಮ್ಮೆ ರಾಮನಗರದಿಂದ ಬರುವಾಗ ರಸ್ತೆಯ ಉಬ್ಬಿನ ಮೇಲೆ ಕಾರು ಹಾರಿ ಅಮ್ಮನ ತಲೆ ಚಾವಣಿಗೆ ಬಡಿಯಿತು. ಉಬ್ಬಿಗೆ ಬಣ್ಣ ಬಳಿಯುವ ಯೋಗ್ಯತೆ ಇಲ್ಲ ಇವರಿಗೆ ಎಂದು ಮನೆ ತಲುಪುವವರೆಗೆ ಬೈದ, ಎದುರು ಗಾಡಿಗಳ ಲೈಟು ಕಣ್ಣಿಗೆ ಹೊಡೆಯುತ್ತದೆ ಎಂದೂ ಗೊಣಗಿದ. ನಾನು ಹಿಂದೆ ಕೂತಿದ್ದೆ. ಉಬ್ಬಿನ ಮೇಲೆ ಬಿಳಿ ಪಟ್ಟೆಗಳು ಇದ್ದುವಲ್ಲ ಎಂದು ನನಗೆ ಒಂದು ಗಳಿಗೆ ಅನ್ನಿಸಿತು. ಆದರೆ ಸಂಜೆಯಾಗಿತ್ತು. ನನಗೆ ಖಚಿತವಿಲ್ಲದ್ದನ್ನು ನಾನು ಹೇಳುವುದಿಲ್ಲ.

ಹೀಗಿರುವಾಗ ಮಾಗಡಿಯಿಂದ ಚಿಕ್ಕಮ್ಮನ ಫೋನು ಬಂತು. ಅಮ್ಮನ ತಂಗಿ ಅವರು. ಹೊಸ ಮನೆ ಕಟ್ಟಿ ಮುಗಿದಿತ್ತು, ಭಾನುವಾರ ಬೆಳಗಿನ ಜಾವ ಗೃಹಪ್ರವೇಶ, ಹಾಲುಕ್ಕಿಸುವ ಹೊತ್ತಿಗೆ ಅಕ್ಕ ಅಲ್ಲಿರಲೇಬೇಕು. ಅಪ್ಪನಿಗೆ ಹಾಲಿಗಿಂತ ಚಿಕ್ಕಪ್ಪನ ಯೋಚನೆ ಹತ್ತಿಕೊಂಡಿತು. ಚಿಕ್ಕಪ್ಪ ಹೊಸ ಕಾರು ಕೊಂಡಿದ್ದರು. ಹಿಂದಿನ ಸಲ ಹೋದಾಗ ನಮ್ಮ ಕಾರಿನ ಬಾನೆಟ್ಟಿನ ಮೇಲೆ ಬೆರಳಲ್ಲಿ ಒಂದು ಗೆರೆ ಎಳೆದು, ಆ ಬೆರಳನ್ನು ಅಪ್ಪನ ಮುಖದ ಮುಂದೆ ಹಿಡಿದು, "ಅಣ್ಣ, ಗೊಂಬೆಗೆ ಹೊಳಪು ಕೊಟ್ಟು ಕೊಟ್ಟು ಕಾರಿಗೆ ಏನೂ ಉಳ್ಕೊಂಡಿಲ್ಲ ಅಲ್ವ್ರಾ?" ಅಂದಿದ್ದರು. ಎಲ್ಲರೂ ನಕ್ಕಿದ್ದರು. ಅಪ್ಪನೂ ನಕ್ಕಿದ್ದ. ಷಡ್ಡಕರ ನಡುವೆ ಇಂಥದ್ದೆಲ್ಲ ನಗುವಿನಲ್ಲೇ ನಡೆಯುತ್ತದೆ, ಅಷ್ಟು ಸುಲಭಕ್ಕೆ ಮರೆತೂ ಹೋಗುವುದಿಲ್ಲ.

ಆ ವಾರದ ಮೊದಲಲ್ಲಿ ಅಪ್ಪ ರಾಮನಗರದ ಅಂಗಡಿಯಿಂದ ಒಂದು ಬಾಟಲಿ ತಂದ. ಆಲ್ ಇನ್ ಒನ್ ಪಾಲಿಶ್. ಉಜ್ಜಿದರೆ ಸಣ್ಣ ಗೀರು ಹೋಗುತ್ತದೆ, ಹೊಳಪು ಬರುತ್ತದೆ, ಮೇಲೆ ಒಂದು ರಕ್ಷಣೆಯ ಪದರವೂ ಕೂರುತ್ತದೆ, ಮೂರೂ ಒಂದೇ ಕೈಯಲ್ಲಿ. ಆ ಮಾತು ಅವನಿಗೆ ಹಿಡಿಸಿತ್ತು. ನಾನು ಕಾಲೇಜಿಗೆ ಹೋದಾಗ, ನಡು ಮಧ್ಯಾಹ್ನ, ಕಾರನ್ನು ಚಪ್ಪರದಿಂದ ಆಚೆ ಬಿಸಿಲಿಗೆ ತಂದು ನಿಲ್ಲಿಸಿ, ಬಾನೆಟ್ಟು ಕೈ ಇಡಲಾರದಷ್ಟು ಕಾಯುವ ತನಕ ಕಾದು, ಆಮೇಲೆ ಉಜ್ಜಿದ್ದಾನೆ. ಅಂಗೈಯ ಬಲವೆಲ್ಲ ಹಾಕಿ. ಅರಗಿನ ಕೆಲಸದವನು ಬೇರೆ ಹೇಗೆ ಮಾಡಿಯಾನು? ಬಿಸಿ ಇಲ್ಲದೆ ಹತ್ತುವುದಿಲ್ಲ, ಒತ್ತದೆ ಹೊಳೆಯುವುದಿಲ್ಲ. ಅವನ ಕೈಗೆ ಗೊತ್ತಿದ್ದ ನಿಯಮ ಅದು. ಸಾಲದ್ದಕ್ಕೆ ಕೊನೆಗೆ ಬಟ್ಟೆ ಬಿಸಾಕಿ ಕೇದಗೆ ಎಲೆಯನ್ನೂ ಎಳೆದಿದ್ದ.

ನಾನು ಸಂಜೆ ಬಂದಾಗ ಬಾನೆಟ್ಟಿನ ಮೇಲೆ ಸುಣ್ಣದ ನೀರು ಒಣಗಿದಂಥ ಬಿಳಿ ಸುಳಿಗಳು. ಪಾಲಿಶು ತೆಗೆಯುವ ಮೊದಲೇ ಒಣಗಿ ಕಚ್ಚಿಕೊಂಡಿತ್ತು. ಅಡಿಯಲ್ಲಿ ಎಲೆಯ ಗೀರುಗಳು. ಅಪ್ಪ ಅದರ ಮುಂದೆ ನಿಂತು, ಸ್ವಲ್ಪ ವಾಸಿ ಅಲ್ಲವಾ ಎಂದು ಕೇಳಿದ. ನಾನು ಅವನ ಮುಖ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ. ಬೆಳಕು ಕಡಿಮೆಯಾಗಿದೆ, ನಾಳೆ ನೋಡೋಣ ಎಂದೆ.

ಮರುದಿನ ಅವನಿಗೇ ಸಮಾಧಾನವಾಗಲಿಲ್ಲ. ಅದು ಸುಳ್ಳು ಬಾಟಲಿ ಎಂದು ತೀರ್ಮಾನಿಸಿ ಮತ್ತೆ ರಾಮನಗರಕ್ಕೆ ಹೋಗಿ ಸೀಲೆಂಟ್ ತಂದ. ಇದು ಗೀರು ತೆಗೆಯುವುದಿಲ್ಲ. ಬಣ್ಣದ ಮೇಲೆ ಗಾಜಿನಂಥ ತೆಳು ಪದರವಾಗಿ ಕೂತು ನೀರು, ಧೂಳು, ಬಿಸಿಲು ತಡೆಯುತ್ತದೆ, ಅಷ್ಟೇ. ಹಾಗಾಗಿ ಅಡಿಯಲ್ಲಿ ಏನಿದೆಯೋ ಅದರ ಮೇಲೇ ಕೂರುತ್ತದೆ. ಇದನ್ನು ಅಪ್ಪನಿಗೆ ಹೇಳಿ, ಬಾಟಲಿಯನ್ನು ಅವನ ಕೈಯಿಂದ ತೆಗೆದುಕೊಂಡೆ. ನಾನೇ ಮಾಡಿ ತೋರಿಸುತ್ತೇನೆ, ಎರಡನ್ನೂ ಅಕ್ಕಪಕ್ಕ ಹಾಕಿ ನೋಡೋಣ, ಯಾವುದು ಮೇಲೋ ಅದನ್ನೇ ಇಡೀ ಕಾರಿಗೆ ಬಳಿಯೋಣ ಎಂದೆ. ಒಪ್ಪಿದ. ಒಪ್ಪಿದವನು ಸುಮ್ಮನೆ ಕೂರಲಿಲ್ಲ. ಬಾಗಿಲಿಗೆ ಬರುತ್ತಾನೆ, ಹೋಗುತ್ತಾನೆ, ಲೇತು ಹಚ್ಚುತ್ತಾನೆ, ಆರಿಸುತ್ತಾನೆ.

ಗುರುವಾರ ರಜೆಯಿತ್ತು. ಬೆಳಿಗ್ಗೆ ಬಿಸಿಲು ಏರುವ ಮೊದಲು ಚಪ್ಪರದ ನೆರಳಲ್ಲೇ ಶುರುಮಾಡಿದೆ. ಮೊದಲು ಶಾಂಪೂ ನೀರಲ್ಲಿ ತೊಳೆದು, ಒಣಗಿದ್ದ ಬಿಳಿಯನ್ನೆಲ್ಲ ನೆನೆಸಿ ನೆನೆಸಿ ತೆಗೆದೆ. ಗೀರು, ಮಂಕು ಉಳಿದವು. ಬಾನೆಟ್ಟಿನ ನಟ್ಟನಡುವೆ, ಗಾಜಿನ ಬುಡದಿಂದ ಮುಂದಿನ ತುದಿವರೆಗೆ, ಗೋಡೆಗೆ ಬಣ್ಣ ಬಳಿಯುವವರು ಅಂಟಿಸುವ ಕಾಗದದ ಟೇಪನ್ನು ಎರಡು ಎಳೆ ಕೂಡಿಸಿ ಅಂಟಿಸಿದೆ. ಆ ಜಾಗಕ್ಕೆ ಏನೂ ತಾಗಬಾರದು. ಏನೂ ಮಾಡದ ಭಾಗ ಒಂದು ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ ಎಂದು ನನ್ನ ವಿದ್ಯಾರ್ಥಿಗಳಿಗೆ ದಿನವೂ ಹೇಳುತ್ತೇನೆ. ಎಡಭಾಗಕ್ಕೆ ಆಲ್ ಇನ್ ಒನ್. ಸ್ವಲ್ಪವೇ ತೆಗೆದುಕೊಂಡು, ಒಂದು ಅಂಗೈ ಜಾಗ, ಹಗುರ ಕೈ, ಒಣಗುವ ಮೊದಲೇ ಮೆತ್ತನೆಯ ಬಟ್ಟೆಯಲ್ಲಿ ಒರೆಸುವುದು. ಬಲಭಾಗಕ್ಕೆ ಸೀಲೆಂಟ್, ತೆಳ್ಳಗೆ. ಅದರ ಮೇಲೆ ಒಂದು ದಿನ ನೀರು ಬೀಳಬಾರದು ಎಂದು ಅಮ್ಮನಿಗೆ ಹೇಳಿದೆ, ಅವಳು ಅತ್ತ ಬಟ್ಟೆ ಒಣಹಾಕುತ್ತಾಳೆ.

ಎಡಭಾಗ ಕೂಡಲೇ ಬೆಳಗಿತು. ಕೆಂಪು ಆಳಕ್ಕೆ ಇಳಿದಂತೆ ಕಂಡಿತು, ತಗಡಿನ ಚಪ್ಪರದ ಅಲೆಗಳೆಲ್ಲ ಅದರೊಳಗೆ ಕಾಣುತ್ತಿದ್ದುವು. ಬಲಭಾಗದಲ್ಲಿ ಹೊಳಪು ಇತ್ತು, ಆದರೆ ಗೀರುಗಳೂ ಇದ್ದಲ್ಲೇ ಇದ್ದುವು. ಸಂಜೆ ಟೇಪು ಕಿತ್ತೆ. ನಡುವೆ ಮಾಸಲು ಕಂದು ಪಟ್ಟಿಯೊಂದು ಉಳಿಯಿತು. ರಸ್ತೆಯಲ್ಲಿ ಹೋಗುವವರಿಗೂ ಕಾಣುವಂತಿತ್ತು. ಅಮ್ಮ ಅಡುಗೆಮನೆಯ ಕಿಟಕಿಯಿಂದಲೇ, ಅದೇನು ಬೈತಲೆ ತೆಗೆದ ಹಾಗೆ ಮಾಡಿದ್ದೀಯಲ್ಲ ಎಂದಳು.

ಅಪ್ಪನನ್ನು ಕರೆದೆ. ಬಂದು ಬಾನೆಟ್ಟಿನ ಮುಂದೆ ನಿಂತ. ಯಾವುದು ಮೇಲು ಎಂದು ಕೇಳಿದೆ.

"ಎರಡೂ ಒಂದೇ ಕಣವ್ವ" ಅಂದ. "ಎರಡೂ ಮಂಕೇ."

ನಡುವಿನದನ್ನು ನೋಡು ಎಂದೆ. ಅವನು ಬಗ್ಗಿದ. ಕಣ್ಣು ಸಣ್ಣ ಮಾಡಿದ. ತಲೆಯನ್ನು ಎಡಕ್ಕೆ ವಾಲಿಸಿದ. ಆಮೇಲೆ ಯೋಚನೆ ಮಾಡದೆ, ಅಭ್ಯಾಸಬಲದಿಂದ, ಬಲಗೈ ಹೆಬ್ಬೆರಳನ್ನು ಒಂದು ಅಂಚಿನಿಂದ ಮೆಲ್ಲಗೆ ಎಳೆದುಕೊಂಡು ಬಂದ. ಟೇಪಿನ ಗೋಂದು ತುಸು ಉಳಿದಿದ್ದ ಕಡೆ ಹೆಬ್ಬೆರಳು ನಿಂತಿತು. "ಇಲ್ಲೈತೆ ನೋಡು" ಎಂದು ನನಗೇ ತೋರಿಸಿದ, ಕಂಡವನ ಹಾಗೆ. ಗೆದ್ದವನ ಹಾಗೆ ನಕ್ಕ ಕೂಡ. ನಾನು ಹೂಂ ಎಂದೆ.

ಶುಕ್ರವಾರ ಕಾಲೇಜಿನ ಲ್ಯಾಬಿನಲ್ಲಿ ಬಿ.ಎಸ್ಸಿ. ಹುಡುಗಿಯರಿಗೆ ಟೈಟ್ರೇಶನ್ ಇತ್ತು. ತೊಟ್ಟು ತೊಟ್ಟಾಗಿ ಬಿಟ್ಟ ದ್ರಾವಣ ಮೊದಲ ಸಲ ತಿಳಿಗುಲಾಬಿ ಆದ ಕೂಡಲೇ ನಿಲ್ಲಿಸಬೇಕು. ಒಬ್ಬಳಿಗೆ ಆ ಗುಲಾಬಿ ಕಾಣಲೇ ಇಲ್ಲ. ಬಿಡುತ್ತಾ ಹೋದಳು, ಬಟ್ಟಲೆಲ್ಲ ರಾಣಿ ಬಣ್ಣವಾದ ಮೇಲೆ ನನ್ನ ಮುಖ ನೋಡಿದಳು. ಕಿಟಕಿಯ ಬೆಳಕು ಅವಳ ಹಿಂದೆ ಇತ್ತು, ಅವಳ ನೆರಳೇ ಬಟ್ಟಲಿನ ಮೇಲೆ ಬಿದ್ದಿತ್ತು. ಅವಳನ್ನು ಈ ಕಡೆ ತಿರುಗಿಸಿ ನಿಲ್ಲಿಸಿ ಮತ್ತೆ ಮಾಡು ಎಂದೆ. ಹಾಗೆ ಅನ್ನುತ್ತಿರುವಾಗಲೇ ನನಗೆ ಎಲ್ಲ ಒಟ್ಟಿಗೆ ಬಂತು. ಅರಗಿನವನ ಜೊತೆ ಜಗಳ, ನಡುಮನೆಯ ಬಲ್ಬು, ರಸ್ತೆಯುಬ್ಬಿನ ಪಟ್ಟೆ, ಎದುರು ಗಾಡಿಗಳ ಲೈಟು ಕಣ್ಣಿಗೆ ಹೊಡೆಯುತ್ತದೆ ಎಂಬ ದೂರು, ಕಾಫಿ ಬಣ್ಣದ ಕಾರು. ಬಣ್ಣಗಳಿಗೆ ಏನೂ ಆಗಿರಲಿಲ್ಲ. ಅಪ್ಪನಿಗೆ ಕಣ್ಣು ಕಾಣುತ್ತಿರಲಿಲ್ಲ. ಅವನಿಗೆ ಅದು ಗೊತ್ತಿರಲಿಲ್ಲ. ಮತ್ತು ಭಾನುವಾರ ನಸುಕಿನಲ್ಲಿ ಅವನು ಅಮ್ಮನನ್ನೂ ನನ್ನನ್ನೂ ಕೂರಿಸಿಕೊಂಡು ರಾಮನಗರದಿಂದ ಮಾಗಡಿಯ ಆ ತಿರುವುಗಳ ರಸ್ತೆಯಲ್ಲಿ ಕಾರು ಓಡಿಸುವವನಿದ್ದ.

ಆ ದಿನ ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಕೂರಲಾಗಲಿಲ್ಲ. ಸಾತನೂರಿನಲ್ಲಿ ಎದ್ದು ನಿಂತವಳು ಚನ್ನಪಟ್ಟಣದವರೆಗೆ ಕಂಬಿ ಹಿಡಿದು ನಿಂತೇ ಬಂದೆ. ಅಮ್ಮನಿಗೆ ಹೇಳಿದರೆ ಆ ಕ್ಷಣವೇ ಅವಳು ಅಪ್ಪನಿಗೆ ಹೇಳುತ್ತಾಳೆ, ಜೋರಾಗಿ ಹೇಳುತ್ತಾಳೆ, ಅವನು ಇಲ್ಲ ಎನ್ನುತ್ತಾನೆ, ಒಮ್ಮೆ ಇಲ್ಲ ಅಂದ ಮೇಲೆ ಅದು ಮುಗಿಯಿತು. ನಾನು ಹೇಳಬಹುದಿತ್ತು. ಆದರೆ ಯಾವ ಮಾತಿನಲ್ಲಿ? ಬಣ್ಣದ ಕೆಲಸದವನಿಗೆ ನಿನಗೆ ಬಣ್ಣ ಕಾಣುತ್ತಿಲ್ಲ ಅನ್ನುವುದು ಬರೀ ಕಣ್ಣಿನ ಮಾತಲ್ಲ. ನಮ್ಮ ಮನೆಯಲ್ಲಿ ನಾನೂ ಅಪ್ಪನೂ ಒಂದೇ ಜಾತಿಯವರು, ಒಳಗಿನದನ್ನು ಹೊರಗೆ ಇಡುವುದು ನಮಗೆ ಬರುವುದಿಲ್ಲ. ಇಷ್ಟು ಮಾತ್ರ ಹೊಳೆಯಿತು. ನಾನು ಹೇಳಬಾರದು, ಅವನೇ ನೋಡಬೇಕು. ನೋಡಲು ಬೇಕಾದ್ದು ಬಾನೆಟ್ಟಿನ ಮೇಲೆ ಆಗಲೇ ಇತ್ತು.

ಶನಿವಾರ ಬೆಳಿಗ್ಗೆ ಅಮ್ಮನ ಕೈಲೂ ತಳ್ಳಿಸಿ ಕಾರನ್ನು ಚಪ್ಪರದಿಂದ ಸ್ವಲ್ಪ ಮುಂದಕ್ಕೆ, ಒಳ್ಳೆಯ ಬೆಳಕಿಗೆ ತಂದು ನಿಲ್ಲಿಸಿದೆ. ಅಪ್ಪ ಹಲ್ಲುಜ್ಜಿ ಬಂದು, ಇನ್ನೂ ಇಡೀ ಕಾರು ಬಾಕಿ ಇದೆ, ಯಾವ ಬಾಟಲಿ ಎಂದು ಹೇಳಿಬಿಡು, ನಾನೇ ಉಜ್ಜಿಕೊಳ್ಳುತ್ತೇನೆ ಎಂದು ತೋಳು ಮಡಿಸಿದ. ಬಾನೆಟ್ಟಿನ ಎದುರಿಗೆ ನಿಲ್ಲಿಸಿದೆ.

"ಅಪ್ಪ, ಬಲಗಣ್ಣು ಮುಚ್ಕೋ."

"ಯಾಕವ್ವ, ಕಣ್ಣಾಮುಚ್ಚಾಲೆನಾ?"

"ಮುಚ್ಕೋ. ನಡುವೆ ಪಟ್ಟಿ ಕಾಣುತ್ತಾ?"

ಅಂಗೈಯಿಂದ ಬಲಗಣ್ಣು ಮುಚ್ಚಿದ. "ಹೂಂ. ಮಸುಕಾಗಿ ಐತೆ. ಬೂದಿ ಎಳ್ದಂಗೆ."

"ಈಗ ಈ ಕಣ್ಣು ಮುಚ್ಚು. ಆ ಕಣ್ಣಲ್ಲಿ ನೋಡು."

ಕೈ ಬದಲಾಯಿಸಿದ. ನೋಡಿದ. ತಲೆ ಮುಂದೆ ತಂದ, ಹಿಂದೆ ತಂದ. ಕೈ ತೆಗೆದು ಅಂಗೈಯನ್ನೇ ಒಮ್ಮೆ ನೋಡಿಕೊಂಡು ಮತ್ತೆ ಮುಚ್ಚಿದ.

"ಒರೆಸ್ಬುಟ್ಯಾ?" ಅಂದ.

"ಇಲ್ಲಪ್ಪ. ನಾನು ಮುಟ್ಟಿಲ್ಲ."

ಅಪ್ಪ ಬಾನೆಟ್ಟನ್ನು ಬಿಟ್ಟು ಕಾಂಪೌಂಡಿನ ದಾಸವಾಳದ ಕಡೆ ತಿರುಗಿದ. ಒಂದು ಕಣ್ಣು ಮುಚ್ಚಿ ನೋಡಿದ, ಇನ್ನೊಂದು ಮುಚ್ಚಿ ನೋಡಿದ. ಅಮ್ಮನ ಸೀರೆ ನೋಡಿದ. ಎದುರುಮನೆಯ ನೀಲಿ ಗೇಟು ನೋಡಿದ. ಆಮೇಲೆ ಲೇತಿನ ಕೋಣೆಗೆ ಹೋದ. ಅರಗಿನ ಕಡ್ಡಿಗಳನ್ನು ಒಂದೊಂದಾಗಿ ಎತ್ತಿ ಇಡುತ್ತಿರುವ ಸದ್ದು ಹೊರಗೆ ಕೇಳುತ್ತಿತ್ತು. ಎತ್ತುವುದು, ಸುಮ್ಮನಾಗುವುದು, ಇಡುವುದು. ಅಮ್ಮ ಏನಾಯಿತು ಎಂದು ಕೈಸನ್ನೆಯಲ್ಲಿ ಕೇಳಿದಳು. ನಾನು ತಲೆಯಾಡಿಸಿದೆ. ಒಳಗೆ ಹೋಗಬೇಕೋ ಬೇಡವೋ ತಿಳಿಯದೆ, ಆಗಲೇ ಒಣಗಿದ್ದ ಬಟ್ಟೆಗಳನ್ನು ಮಡಿಸಿದೆ, ಬಿಚ್ಚಿ ಮತ್ತೆ ಮಡಿಸಿದೆ.

ಅವನು ಹೊರಗೆ ಬಂದಾಗ ಮುಖ ತೊಳೆದುಕೊಂಡಿದ್ದ. "ಆ ಅರಗಿನೋನ್ಗೆ ಸುಮ್‌ಸುಮ್ನೆ ಬಯ್ದ್‌ಬುಟ್ಟೆ" ಎಂದ. ಕಾರಿನ ಹತ್ತಿರ ಬಂದು ಟೈರಿಗೆ ಕಾಲಿನಿಂದ ಮೆಲ್ಲಗೆ ತಟ್ಟಿದ. ಮಾಗಡಿಯಿಂದ ಬಂದ ಮೇಲೆ ಡಾಕ್ಟರಿಗೆ ತೋರಿಸೋಣ ಎಂದ. ಹಾಗಾದರೆ ನಾಳೆ ಹೇಗೆ ಎಂದು ನಾನು ಕೇಳಿದೆ.

"ಮಾಗಡಿಗೆ ಒಂದು ಕಣ್ಣು ಸಾಕು."

ಅಷ್ಟು ಹೊತ್ತಿಗೆ ಅಮ್ಮನಿಗೆ ಎಲ್ಲ ಅರ್ಥವಾಗಿತ್ತು. ಜೋರಾಗಿ ಏನೂ ಅನ್ನಲಿಲ್ಲ. ಅವಳು ಹೀಗೂ ಮಾತಾಡಬಲ್ಲಳು ಎಂದು ನನಗೆ ಗೊತ್ತಿರಲಿಲ್ಲ. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, "ನಿಮಗೆ ಸಾಕು. ಪಕ್ಕದಲ್ಲಿ ಕೂರೋ ನಂಗೆ ಸಾಕಾಗಕಿಲ್ಲ" ಅಂದಳು.

ಬಸ್ಸಿಗೆ ಹೋದರೆ ಹಾಲುಕ್ಕಿಸುವ ಹೊತ್ತು ಮೀರುತ್ತಿತ್ತು. ಬಾಡಿಗೆ ಗಾಡಿಯಲ್ಲಿ ಹೋಗಿ ಷಡ್ಡಕನ ಮನೆ ಮುಂದೆ ಇಳಿಯುವುದು ಅಪ್ಪನಿಗೆ ಸಾಧ್ಯವಿರಲಿಲ್ಲ. ನಾನು ಒಳಗೆ ಹೋಗಿ ಕಾಲೇಜಿನ ಬ್ಯಾಗಿನಿಂದ ನನ್ನ ಡ್ರೈವಿಂಗ್ ಲೈಸೆನ್ಸ್ ತಂದು ಬಾನೆಟ್ಟಿನ ಮೇಲಿಟ್ಟೆ. ಕನಕಪುರದಲ್ಲಿ ಎರಡು ಕ್ಲಾಸುಗಳ ನಡುವೆ ಬಿಡುವಿರುತ್ತಿತ್ತು. ಹತ್ತಿರದಲ್ಲೇ ಡ್ರೈವಿಂಗ್ ಸ್ಕೂಲಿತ್ತು. ಹೋದೆ, ಕಲಿತೆ. ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಅಪ್ಪ ಆ ಸ್ಟೇರಿಂಗನ್ನು ಯಾರ ಕೈಗೂ ಕೊಟ್ಟವನಲ್ಲವಾದ್ದರಿಂದ ಹೇಳುವ ಸಂದರ್ಭವೂ ಬಂದಿರಲಿಲ್ಲ.

ಅಪ್ಪ ಅದನ್ನು ಎತ್ತಿ ಎಡಗಣ್ಣಿನ ಹತ್ತಿರ ಹಿಡಿದ. "ಫೋಟೊ ನಿನ್ ತರ ಇಲ್ವಲ್ಲ" ಎಂದ.

"ಅದು ನಿಮ್ಮ ಕಣ್ಣಲ್ಲ, ಫೋಟೊನೇ ಹಂಗೈತೆ" ಎಂದಳು ಅಮ್ಮ, ಅವನ ಹೆಗಲ ಮೇಲಿಂದ ಬಗ್ಗಿ ನೋಡುತ್ತಾ.

ಅಪ್ಪ ನಗಲಿಲ್ಲ. ಲೈಸೆನ್ಸನ್ನು ನನಗೆ ಕೊಡದೆ ತನ್ನ ಜೇಬಿಗೇ ಹಾಕಿಕೊಂಡ. ಆಮೇಲೆ ಇಡೀ ದಿನ ಇಬ್ಬರೂ ಕಾರಿನ ಸುತ್ತಲೇ ಇದ್ದೆವು. ಬಾಗಿಲು, ಚಾವಣಿ, ಹಿಂಭಾಗಕ್ಕೆಲ್ಲ ಆಲ್ ಇನ್ ಒನ್ ಎಂದು ನಿರ್ಧಾರ ಮಾಡಿದ್ದೆ, ನಾಳೆಗೆ ಕೂಡಲೇ ಕಾಣುವ ಹೊಳಪು ಬೇಕಿತ್ತು. ನಾನು ಉಜ್ಜಿದೆ, ಅವನು ನೆರಳು ಎತ್ತ ಸರಿಯಿತು ಎಂದು ನೋಡಿ ಹೇಳಿದ. ಸಂಜೆ ಗೇಟಿನ ಹತ್ತಿರ ನಿಂತು ರಿವರ್ಸ್ ತೆಗೆದು ತೋರಿಸು ಎಂದ. ತೆಗೆದೆ. ಇನ್ನೊಮ್ಮೆ ಎಂದ. ಕತ್ತಲಾಗುವವರೆಗೆ ಇನ್ನೊಮ್ಮೆ, ಇನ್ನೊಮ್ಮೆ. ಬಾನೆಟ್ಟಿನ ಪಟ್ಟಿಯನ್ನು ಅಳಿಸಲು ಹೊತ್ತಾಗಲಿಲ್ಲ. ಅಥವಾ, ನಿಜ ಹೇಳಬೇಕೆಂದರೆ, ಅದನ್ನು ಮುಟ್ಟಲು ಇಬ್ಬರಿಗೂ ಮನಸ್ಸಾಗಲಿಲ್ಲ.

ಭಾನುವಾರ ಅವನು ಎಡಸೀಟಿನಲ್ಲಿ ಕೂತ. ಆ ಸೀಟಿನಲ್ಲಿ ಅವನನ್ನು ನಾನು ಎಂದೂ ನೋಡಿರಲಿಲ್ಲ, ಕಾಲು ಎಲ್ಲಿಡಬೇಕು ಎಂದು ಅವನಿಗೂ ಗೊತ್ತಿರಲಿಲ್ಲ. ಹೆದ್ದಾರಿಯಲ್ಲಿ ಬಲಪಾದದಿಂದ ನೆಲವನ್ನು ಒತ್ತುತ್ತಲೇ ಇದ್ದ, ಅಲ್ಲಿ ಬ್ರೇಕ್ ಇದೆ ಎಂಬಂತೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗುವ ಆಟೋಗಳು ಮೂಟೆ ಹೇರಿಕೊಂಡು ಅಡ್ಡಾದಿಡ್ಡಿ ಬರುತ್ತಿದ್ದುವು. ಒಸಿ ಎಡಕ್ಕೆ, ಒಸಿ ನಿಧಾನ, ಹಾರನ್ ಹೊಡಿ, ಹೊಡೀಬೇಡ. ಬಂಡೆಬೆಟ್ಟಗಳ ನಡುವಿನ ತಿರುವುಗಳಲ್ಲಿ ಅವನ ಮಾತು ನಿಂತಿತು. ನನಗೆ ಮಾತೇ ವಾಸಿ ಅನ್ನಿಸಿತು. ಎದುರಿಂದ ಒಂದು ಲಾರಿ ಲೈಟು ಹಾಕಿಕೊಂಡು ಬಂದಾಗ ಅವನು ಮುಖವನ್ನು ಪೂರ್ತಿ ಕಿಟಕಿಯ ಕಡೆ ತಿರುಗಿಸಿಕೊಂಡ. ಅದು ದಾಟಿದ ಮೇಲೆ, ರಸ್ತೆಯ ಅಂಚು ನಿನಗೆ ಕಾಣಿಸಿತಾ ಎಂದು ಕೇಳಿದ. ಕಾಣಿಸಿತು ಎಂದೆ. ಸ್ವಲ್ಪ ದೂರ ಹೋದ ಮೇಲೆ, "ನಂಗೆ ಆರು ತಿಂಗಳಿಂದ ಕಾಣ್ತಿರ್ಲಿಲ್ಲ" ಎಂದ, ಕಿಟಕಿಗೆ ಹೇಳಿದ ಹಾಗೆ. ಹಿಂದಿನ ಸೀಟಿನಲ್ಲಿ ಅಮ್ಮ ನಿದ್ದೆ ಬಂದವಳಂತೆ ಕಣ್ಣು ಮುಚ್ಚಿಕೊಂಡಿದ್ದಳು.

ಮಾಗಡಿಯಲ್ಲಿ ಇಳಿದಾಗ ಹಾಲು ಇನ್ನೂ ಒಲೆಯ ಮೇಲೆ ಏರಿರಲಿಲ್ಲ. ಚಿಕ್ಕಪ್ಪ ಹೊಸ ಪಂಚೆಯಲ್ಲಿ ಬಂದರು. ನಾನು ಡ್ರೈವರ್ ಬಾಗಿಲಿಂದ ಇಳಿದದ್ದನ್ನು ನೋಡಿ ಹುಬ್ಬೇರಿಸಿದರು, ಆದರೆ ಕಣ್ಣು ಬಿದ್ದದ್ದು ಬಾನೆಟ್ಟಿನ ಮೇಲೆ.

"ಏನಣ್ಣ, ಕಾರಿಗೂ ನಾಮ ಇಕ್ಬುಟ್ಟಿದ್ದೀರ?"

ಜನ ನಕ್ಕರು. ಅಪ್ಪ ನನ್ನ ಕಡೆ ನೋಡಲಿಲ್ಲ. "ಮಗಳು ಪರೀಕ್ಷೆ ಮಡಗವ್ಳೆ ಕಣಪ್ಪ. ಈ ಕಡೇದು ಒಂದು ತರ, ಆ ಕಡೇದು ಒಂದು ತರ. ಯಾವ್ದು ಮೇಲು, ನೀನೇ ಹೇಳು" ಎಂದ. ಚಿಕ್ಕಪ್ಪ ಬಗ್ಗಿ ಗಂಭೀರವಾಗಿ ನೋಡಿ ಎಡಗಡೆಯದು ಎಂದರು. ನೆರೆದವರಲ್ಲಿ ಕೆಲವರು ಬಲಗಡೆ ಎಂದರು. ಹಾಲುಕ್ಕುವವರೆಗೂ ಗಂಡಸರೆಲ್ಲ ಅದರ ಸುತ್ತಲೇ ನಿಂತು ವಾದ ಮಾಡಿದರು. ಕಣ್ಣಿನ ಮಾತು ಅಲ್ಲಿ ಯಾರಿಗೂ ತಿಳಿಯಲಿಲ್ಲ. ಅಪ್ಪ ಹೇಳಲಿಲ್ಲ, ಅಮ್ಮ ತಂಗಿಗೂ ಹೇಳಲಿಲ್ಲ.

ರಾಮನಗರದ ಕಣ್ಣಿನ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಎರಡೂ ಕಣ್ಣಲ್ಲಿ ಪೊರೆ ಇದೆ, ಬಲಗಣ್ಣಿನದು ಪೂರ್ತಿ ಬಲಿತಿದೆ, ಎಡಗಣ್ಣಿನದು ಇನ್ನೂ ಎಳೆಯದು, ಕಾಯಬಹುದು ಎಂದರು ಡಾಕ್ಟರು. ಬಲಗಣ್ಣಿಗೆ ಆಪರೇಷನ್ ಆಯಿತು. ಆಮೇಲಿನ ವಾರಗಳಲ್ಲಿ ನಮ್ಮ ಮನೆಯಲ್ಲಿ ಯಾರಿಗೂ ನೆಮ್ಮದಿಯಿರಲಿಲ್ಲ. ಬಗ್ಗಬಾರದು, ಭಾರ ಎತ್ತಬಾರದು, ಲೇತಿನ ಧೂಳಿಗೆ ಹೋಗಬಾರದು. ಅಪ್ಪ ಕಪ್ಪು ಕನ್ನಡಕ ಹಾಕಿಕೊಂಡು ನಡುಮನೆಯಿಂದ ಜಗಲಿಗೆ, ಜಗಲಿಯಿಂದ ನಡುಮನೆಗೆ ಓಡಾಡುತ್ತಿದ್ದ. ಬೆಳಿಗ್ಗೆ ಅವನ ಕೈಯಿಂದ ಲೈಸೆನ್ಸು, ಕೀಲಿ ಇಸಿದುಕೊಂಡು ನಾನು ಕಾಲೇಜಿಗೆ ಈಗ ಕಾರಿನಲ್ಲೇ ಹೋಗುತ್ತಿದ್ದೆ. ಸಂಜೆ ಬರುವಾಗ ಗೇಟಿನಲ್ಲೇ ನಿಂತಿರುತ್ತಿದ್ದ, ಕಾರು ಚಪ್ಪರಕ್ಕೆ ಸೇರುವವರೆಗೆ ಒಳಗೆ ಹೋಗುತ್ತಿರಲಿಲ್ಲ.

ಕನ್ನಡಕ ತೆಗೆಯಬಹುದು ಎಂದು ಡಾಕ್ಟರು ಹೇಳಿದ ದಿನ ಮಳೆ ಬಂದು ನಿಂತಿತ್ತು. ಅಪ್ಪ ಹೊರಗೆ ಬಂದ. ದಾಸವಾಳ ನೋಡಿ ಒಂದು ಕ್ಷಣ ನಿಂತ. ಕಾರಿನ ಹತ್ತಿರ ಹೋದವನು ಅಲ್ಲೇ ಉಳಿದ.

"ಇದ್ಯಾರು ಹಿಂಗೆ ಗೀಚ್ಬುಟ್ಟವ್ರೆ?"

ಬಾನೆಟ್ಟಿನ ತುಂಬ ಕೇದಗೆ ಎಲೆಯ ಗೀರುಗಳು, ಅಂಗೈಯ ಬಲ ಹಾಕಿ ತಿಕ್ಕಿದ ಸುಳಿಗಳು. ಎಡಭಾಗದ ಹೊಳಪು ಇಳಿದಂತೆ ಅಲ್ಲೂ ಅವು ಮತ್ತೆ ಮೇಲೆ ಬಂದಿದ್ದುವು. ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಅಮ್ಮ, ತಲೆ ಎತ್ತದೆ, "ಯಾರೋ ಕಣ್ಣಿಲ್ಲದೋರು" ಎಂದಳು. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಯುಗಾದಿಯ ನಂತರ ಅವನು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಮಳೆನೀರು ಇನ್ನೂ ಬಾನೆಟ್ಟಿನ ಮೇಲಿತ್ತು. ಎಡಭಾಗದಲ್ಲಿ ಅದು ಒದ್ದೆ ಬಟ್ಟೆಯ ಹಾಗೆ ಹರಡಿಕೊಂಡಿತ್ತು. ಬಲಭಾಗದಲ್ಲಿ ಮಾತ್ರ ಬೇಯಿಸಿದ ಸಾಬೂದಾನಿಯ ಹಾಗೆ ಗುಂಡುಗುಂಡಾಗಿ ನಿಂತಿತ್ತು, ತಟ್ಟಿದರೆ ಉರುಳುತ್ತಿತ್ತು. ಅಪ್ಪ ತಟ್ಟಿ ನೋಡಿದ. ಆಲ್ ಇನ್ ಒನ್ ಬೇಗ ಹೊಳೆದು ಬೇಗ ಹೋಗುತ್ತದೆ, ಸೀಲೆಂಟ್ ಇದ್ದ ಗೀರನ್ನು ಇದ್ದ ಹಾಗೇ ಬಿಟ್ಟು ಕಾಯುತ್ತದೆ. ಮೊದಲು ಅದರಲ್ಲಿ ಗೀರು ತೆಗೆದು ಆಮೇಲೆ ಇದನ್ನು ಬಳಿಯುವುದೇ ಸರಿ ಎಂದು ನಾನು ಹೇಳಿದೆ. ಅವನು ಒಪ್ಪಿದ. ಮುಂದಿನ ಭಾನುವಾರ ಬೆಳಿಗ್ಗೆ, ನೆರಳಿನಲ್ಲಿ, ಇಬ್ಬರೂ ಒಂದೊಂದು ಕಡೆ ಶುರುಮಾಡಿದೆವು. ಹಗುರ ಕೈ ಎಂದು ಅವನಿಗೆ ನೆನಪಿಸುತ್ತಲೇ ಇರಬೇಕಾಯಿತು. ಎರಡು ಕಡೆಯಿಂದಲೂ ಕೆಂಪು ಏರುತ್ತಾ ಬಂದು ನಡುವಿನ ಪಟ್ಟಿಯ ಹತ್ತಿರ ನಮ್ಮ ಕೈಗಳು ಸೇರಿದುವು. ನಾನು ಪಟ್ಟಿಯ ಮೇಲೆ ಪಾಲಿಶು ಹಾಕಲು ಬಾಟಲಿ ಬಗ್ಗಿಸಿದೆ.

ಅಪ್ಪ ನನ್ನ ಮಣಿಕಟ್ಟು ಹಿಡಿದ.

"ಅದು ಹಂಗೇ ಇರ್ಲಿ ಬುಡು" ಎಂದ. ಬಲಗಣ್ಣು ಮುಚ್ಚಿ, ಎಡಗಣ್ಣಿನಿಂದ ಪಟ್ಟಿಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದ. "ಇನ್ನೊಂದು ಕಣ್ಣಿಗೆ ಬೇಕಾಯ್ತದೆ."

ನಾನು ಬಾಟಲಿಯ ಮುಚ್ಚಳ ಹಾಕಿದೆ. ಕಾರಿನ ಕೀಲಿ ಅವನ ಜೇಬಿನಲ್ಲಿತ್ತು. ಅದನ್ನು ತೆಗೆದು ಬಾನೆಟ್ಟಿನ ಮೇಲೆ, ನನ್ನ ಕಡೆಗೆ ಇಟ್ಟು, ಬಟ್ಟೆ ಹಿಂಡಲು ಹೋದ.